ಅಕ್ಕನ ಮೊದಲ ಹಿಡಿ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಮಸ್ಕಿ ದಾಟುವವರೆಗೆ ನಾನು ರೇಣುಕಾ ಟೀಚರ್. ಮಸ್ಕಿಯ ಗುಡ್ಡ ಹಿಂದೆ ಸರಿದು, ಒಣ ಹೊಲಗಳು ಮುಗಿದು, ಕಾಲುವೆ ನೀರು ಕಂಡ ಕೂಡಲೇ ವಳಕಮದಿನ್ನಿಯ ಹುಲಿಗೆಮ್ಮನ ತಂಗಿಯಾಗಿಬಿಡುತ್ತೇನೆ. ಇದು ಮೂಗಿನ ಕೆಲಸ. ಟ್ರ್ಯಾಕ್ಟರ್ ತುಳಿದ ಕೆಸರು, ಕೊಳೆತ ಹುಲ್ಲು, ಹಸಿ ಸಸಿ, ಸ್ವಲ್ಪ ಡೀಸೆಲ್ಲು, ಎಲ್ಲ ಸೇರಿದ ಒಂದು ವಾಸನೆ ಕಿಟಕಿಯಿಂದ ಒಳಗೆ ನುಗ್ಗುತ್ತದೆ. ಪಕ್ಕದಲ್ಲಿ ಕೂತವರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಾನು ಗಾಜನ್ನು ಇನ್ನಷ್ಟು ಸರಿಸುತ್ತೇನೆ.

ಈ ಸಲ ನಾಟಿಯ ದಿನಗಳಲ್ಲಿ ಅಕ್ಕನೇ ಫೋನ್ ಮಾಡಿದ್ದಳು. ಅವಳು ಫೋನಿನಲ್ಲಿ ಮಾತು ಬೆಳೆಸುವವಳಲ್ಲ. "ನಿಮ್ಮಲ್ಲಿ ಮಳಿ ಬಂತೇನ?" ಎಂದು ಕೇಳುತ್ತಾಳೆ, ಬಂತು ಅಥವಾ ಇಲ್ಲ ಎಂದು ನಾನು ಹೇಳುತ್ತೇನೆ, ಅಲ್ಲಿಗೆ ಮುಗಿಯಿತು. ಐದು ವರ್ಷದಿಂದ ನಮ್ಮಿಬ್ಬರ ಪ್ರೀತಿ, ಸಿಟ್ಟು, ಕ್ಷೇಮಸಮಾಚಾರ ಎಲ್ಲ ಆ ಮಳೆಯಲ್ಲೇ ನಡೆದಿವೆ. ಆದರೆ ಈ ಸಲ, "ಸತ್ಯಮ್ಮ ತನ್ನ ಗದ್ದಿಗೆ ಬಾ ಅಂದಾಳ. ನಿನಗ ಸೂಟಿ ಇದ್ರ ಬಾ" ಎಂದಳು. ಸತ್ಯಮ್ಮನ ಗದ್ದೆಯಲ್ಲಿ ನಾವಿಬ್ಬರೂ ಕೂಡಿ ನಾಟಿ ಮಾಡಿ ಐದು ವರ್ಷವಾಗಿತ್ತು. ಶನಿವಾರ ಶಾಲೆ ಬಿಟ್ಟ ಕೂಡಲೇ ಬಸ್ಸು ಹತ್ತಿದೆ.

ಕೊರೋನಾದ ವರ್ಷದ ಮಳೆಗಾಲ ಅದು. ಲಿಂಗಸುಗೂರಿನ ನಮ್ಮ ಖಾಸಗಿ ಶಾಲೆ ಮುಚ್ಚಿತ್ತು. ಸಂಬಳದ ಮಾತೆತ್ತಿದರೆ "ಮುಂದಿನ ತಿಂಗಳು ನೋಡೋಣ" ಎಂದು ಮೂರು ತಿಂಗಳು ಹೇಳಿದರು, ಆಮೇಲೆ ಹೇಳುವುದನ್ನೂ ಬಿಟ್ಟರು. ನನ್ನ ಗಂಡ ಮದುವೆಯ ಫೋಟೋ ತೆಗೆಯುವವನು. ಆ ವರ್ಷ ಮದುವೆಗಳು ಹಿತ್ತಲಲ್ಲಿ ಹತ್ತು ಜನರ ಮುಂದೆ ಮುಗಿಯುತ್ತಿದ್ದವು. ಫೋಟೋ ಮದುಮಗನ ತಮ್ಮನೇ ಮೊಬೈಲಿನಲ್ಲಿ ತೆಗೆಯುತ್ತಿದ್ದ. ಜೋಳದ ಡಬ್ಬಿಯ ತಳ ಕಾಣತೊಡಗಿದಾಗ, ಹಾಸಿಗೆ ಹಿಡಿದ ಅತ್ತೆಯನ್ನು ಗಂಡನಿಗೆ ಒಪ್ಪಿಸಿ, ಎರಡು ಹಳೇ ಸೀರೆ ಚೀಲಕ್ಕೆ ತುಂಬಿಕೊಂಡು ನಾನು ಅಕ್ಕನ ಬಾಗಿಲಿಗೆ ಬಂದೆ.

ಅಕ್ಕ ಜಗಲಿಯ ಮೇಲೆ ಕೂತು ಕಾಲಿನ ಬೆರಳ ಸಂದಿಗೆ ಎಣ್ಣೆ ಅರಿಶಿಣ ಹಚ್ಚಿಕೊಳ್ಳುತ್ತಿದ್ದಳು. ಕೆಸರಿನಲ್ಲಿ ದಿನವಿಡೀ ನಿಲ್ಲುವವರ ಔಷಧ ಅದು.

"ಬಂದೇನಬೇ ಟೀಚರಮ್ಮ?"

"ನಿನ್ನ ಕೂಡ ನೆಲ್ಲು ಹಚ್ಚಾಕ ಬರ್ತೀನಿ."

ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಖುರ್ಚಿ ಮ್ಯಾಲ ಕುಂತ ನಡಾ ಅದು. ಬಗ್ಗತೈತೇನ?"

ಅಕ್ಕ ಹದಿನೈದು ಹೆಂಗಸರ ನಾಟಿ ಗುಂಪಿನ ಮುಖ್ಯಸ್ಥೆ. ಭಾವ ಕುರಿ ಹೊಡೆದುಕೊಂಡು ವರ್ಷದ ಅರ್ಧಕಾಲ ಊರ ಹೊರಗೇ ಇರುವವನು, ಹೀಗಾಗಿ ಮನೆಗೂ ಗುಂಪಿಗೂ ಅವಳದೇ ದರ್ಬಾರು. ನಮ್ಮವ್ವ ತೀರಿದಾಗ ಅಕ್ಕ ನಾಲ್ಕನೇ ಇಯತ್ತೆಯಲ್ಲಿದ್ದಳು. ಪಾಟಿ ಬಿಟ್ಟು ಸಸಿ ಹಿಡಿದಳು. ನನ್ನ ಮಸ್ಕಿ ಹಾಸ್ಟೆಲಿನ ಪೆಟ್ಟಿಗೆ, ಬೂಟು, ಟೀಚರ್ ಟ್ರೇನಿಂಗಿನ ಫೀಸು ಎಲ್ಲವೂ ಅವಳ ಬಗ್ಗಿದ ಬೆನ್ನಿನಿಂದ ಬಂದವು. ಇದನ್ನು ಅವಳು ಒಂದು ದಿನವೂ ಬಾಯಿಬಿಟ್ಟು ಆಡಿ ತೋರಿಸಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ಸಿಟ್ಟೆಲ್ಲ ಅದೇ. ಆಡಿಬಿಟ್ಟಿದ್ದರೆ ನಾನೂ ನಾಲ್ಕು ಮಾತು ತಿರುಗಿ ಆಡಿ ಹಗುರಾಗುತ್ತಿದ್ದೆ. ಅವಳ ಮುಂದೆ ಕೂತು ಉಣ್ಣುವಾಗಲೆಲ್ಲ, ಇನ್ನೊಂದು ರೊಟ್ಟಿ ಬೇಕೆನ್ನಲು ನನಗೆ ನಾಲಿಗೆ ಏಳುತ್ತಿರಲಿಲ್ಲ.

ನಾಟಿ ಕಾಣದವರಿಗೆ ಒಂದು ಮಾತು ಹೇಳಬೇಕು. ಭತ್ತ ಹಚ್ಚುವವರು ಮುಂದೆ ನಡೆಯುವುದಿಲ್ಲ. ಎಡಗೈಯಲ್ಲಿ ಸಸಿಯ ಹಿಡಿ, ಬಲಗೈ ಹೆಬ್ಬೆರಳಿನಿಂದ ನಾಲ್ಕು ನಾಲ್ಕು ಸಸಿ ಕೆಸರಿಗೆ ಒತ್ತುತ್ತ, ಬಗ್ಗಿದ ಬೆನ್ನು ಎತ್ತದೆ, ಹಿಂದೆ ಹಿಂದೆ ಸರಿಯುತ್ತಾರೆ. ಹಚ್ಚಿದ್ದು ಕಣ್ಣ ಮುಂದೆ ಇರುತ್ತದೆ, ಹಚ್ಚಬೇಕಾದದ್ದು ಬೆನ್ನ ಹಿಂದೆ. ಹೀಗಾಗಿ ಒಂದು ಗದ್ದೆಯನ್ನು ಎಲ್ಲರೂ ಒಂದೇ ಬದುವಿನಿಂದ ಹಿಡಿದು ಎದುರಿನ ಬದುವಿಗೆ ಹತ್ತಿ ಮುಗಿಸುತ್ತಾರೆ. ಇನ್ನೊಂದು ಸಂಗತಿ, ಕೈಗುಣ. ಅಕ್ಕನ ಕೈ ಮೊದಲು ತಾಗಿದ ಗದ್ದೆ ಹುಸಿ ಹೋಗುವುದಿಲ್ಲ ಎಂದು ಕಾಲುವೆ ನೀರಿಗೆ ಬಂದು ನೆಲೆಸಿದ ಸುತ್ತಲಿನ ಕ್ಯಾಂಪಿನ ಗದ್ದೆಯವರಿಗೆಲ್ಲ ನಂಬಿಕೆ. ಬದುವಿನ ಮೇಲೆ ಕಾಯಿ ಒಡೆದು, ಅಕ್ಕನ ಉಡಿಗೆ ಎಲೆ ಅಡಿಕೆ ಹಾಕಿ, ಅವಳಿಂದ ಮೊದಲ ಹಿಡಿ ಇಡಿಸುತ್ತಿದ್ದರು. ಮೊದಲ ಹಿಡಿ ಇಟ್ಟವಳೇ, ಆ ಒಡೆಯರ ಎಲ್ಲ ಗದ್ದೆ ಮುಗಿಯುವಾಗ, ಕಡೆಯ ಹಿಡಿಯನ್ನೂ ಇಡಬೇಕು. ಅಕ್ಕನ ಹತ್ತಿರ ಬಂಗಾರ ಇರಲಿಲ್ಲ, ಹೊಲ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಆ ಒಂದು ಮರ್ಯಾದೆ ಇತ್ತು.

ಮೊದಲ ವಾರ ನಾನು ಪಟ್ಟ ಪಾಡು ದೇವರಿಗೇ ಪ್ರೀತಿ. ನನ್ನ ಸಾಲು ಹಾವು ಹರಿದಂತೆ ಹೋಗುತ್ತಿತ್ತು. ಮೂರನೆಯ ದಿನ ಅಕ್ಕ ಬಂದು ಏನೂ ಹೇಳದೆ ನನ್ನ ಎರಡು ಗೇಣಗಲದ ಪಟ್ಟಿಯನ್ನು ಹದಿನಾಲ್ಕು ಜನರ ಕಣ್ಣೆದುರು ಕಿತ್ತು ಹಾಕಿದಳು, ತಾನೇ ಮತ್ತೆ ಹಚ್ಚಿದಳು.

"ಇದು ಹಾಜರಿ ಪುಸ್ತಕ ಅಲ್ಲಬೇ, ಹ್ಯಾಂಗ ಬೇಕ ಹಂಗ ಗೀಚಾಕ. ಸಸಿ ತೇಲ್ತಾವ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಮಲ್ಲಮ್ಮ, ಅಕ್ಕನ ಜೀವದ ಗೆಳತಿ, ಬಾಯಿ ತೆಗೆದರೆ ತಮಾಷೆ. ನಾನು ನಗಲಿಲ್ಲ. ಹಟ ಹಿಡಿದೆ. ತಿಂಗಳೊಳಗೆ ನನ್ನ ಸಾಲು ನೆಟ್ಟಗಾಯಿತು, ಕೈ ಓಡತೊಡಗಿತು. ಅಕ್ಕ ಹೊಗಳಲಿಲ್ಲ. ಕೀಳುವುದನ್ನು ನಿಲ್ಲಿಸಿದಳು. ಅದೇ ಹೊಗಳಿಕೆ ಎಂದು ಈಗ ಗೊತ್ತಾಗುತ್ತದೆ, ಆಗ ಗೊತ್ತಾಗಲಿಲ್ಲ.

ಆ ವರ್ಷ ಕೆಲಸಕ್ಕೆ ಕೈ ಹೆಚ್ಚು. ದುಡಿಯಲು ದೂರದ ಪಟ್ಟಣಗಳಿಗೆ ಹೋದವರೆಲ್ಲ ಮರಳಿ ಬಂದಿದ್ದರು. ಗದ್ದೆಯವರು ಕೂಲಿ ಇಳಿಸಿ ಕೇಳತೊಡಗಿದರು. ಅಕ್ಕ ಇಳಿಯಲಿಲ್ಲ. "ಇವತ್ತು ಇಳದ್ರ ನಾಳೆ ಏರಾಕ ಏಣಿ ಸಿಗಂಗಿಲ್ಲ" ಎಂದು ಕೂತಳು. ಎರಡು ದಿನ, ಮೂರು ದಿನ ಗುಂಪು ಕೆಲಸವಿಲ್ಲದೆ ಕೂರುತ್ತಿತ್ತು. ಲಿಂಗಸುಗೂರಿನಿಂದ ಗಂಡ ಫೋನ್ ಮಾಡಿ, ಅವ್ವನ ಗುಳಿಗೆ ಮುಗಿದವು ಎಂದ. ಅದೇ ಸಂಜೆ ಸತ್ಯಮ್ಮನ ಫೋನ್ ಬಂತು.

ಸತ್ಯಮ್ಮ ಕ್ಯಾಂಪಿನ ಆಂಧ್ರದಾಕೆ. ಗಂಡ ತೀರಿದ ಮೇಲೆ ಗದ್ದೆಗಳನ್ನೆಲ್ಲ ತಾನೇ ಮಾಡಿಸುತ್ತಿದ್ದಳು. ಗುಂಪಿನ ಫೋನು ನೋಡಿಕೊಳ್ಳುವ ಕೆಲಸ ಓದಿದವಳೆಂದು ನನಗೆ ಬಿದ್ದಿತ್ತು. "ಏಮಮ್ಮಾ, ಅಕ್ಕಗ ಹೇಳು. ಸ್ವಲ್ಪ ಇಳಿಸಿದ್ರ ನಾಳೆನೇ ಪೂಜಿ. ಇಲ್ಲಾಂದ್ರ ಬ್ಯಾರೆಯವ್ರನ ಕರೀತೀನಿ" ಎಂದಳು.

ಒಳಗೆ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಹತ್ತು ಹೆಜ್ಜೆ. ನಾನು ಹೋಗಿ ಹೇಳಲಿಲ್ಲ. "ನಾಳೆ ಬರ್ತೀವ್ರೀ" ಎಂದೆ. ನಿರಾಶ್ರಿತರಾಗಿ ಬಂದವರ ಆರ್.ಎಚ್. ಕ್ಯಾಂಪಿನ ಮಾಲತಿಗೆ ಫೋನ್ ಮಾಡಿದೆ. ಬಂಗಾಲಿ ಹೆಂಗಸು, ಸಂತೆಯಲ್ಲಿ ಪರಿಚಯವಾದವಳು, ಅವಳ ಕಡೆಯ ಹನ್ನೊಂದು ಜನ ಕೆಲಸವಿಲ್ಲದೆ ಕೂತಿದ್ದರು. ಬೆಳಿಗ್ಗೆ ಸಿಂಧನೂರಿಗೆ ಹೋಗಿ ಬರುತ್ತೇನೆಂದು ಅಕ್ಕನಿಗೆ ಸುಳ್ಳು ಹೇಳಿ ಹೊರಟೆ. ಬದುವಿನ ಮೇಲೆ ಮಾಲತಿಯವರೊಡನೆ ನನ್ನನ್ನು ಕಂಡ ಸತ್ಯಮ್ಮ ಸುತ್ತ ನೋಡಿದಳು. "ಅಕ್ಕ ಎಲ್ಲಿ?" ಎಂದಳು. "ನನ್ನ ಕಳಿಸ್ಯಾಳ್ರೀ" ಎಂದೆ. ಅವಳು ಕಾಯಿ ಒಡೆದಳು. ಅಕ್ಕನ ಉಡಿಗೆ ಬೀಳಬೇಕಾದ ಎಲೆ ಅಡಿಕೆ ನನ್ನ ಉಡಿಗೆ ಬಿತ್ತು. ಮೊದಲ ಹಿಡಿ ನಾನು ಇಟ್ಟೆ. ಖರೇ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಖುಷಿಯಾಯಿತು. ಹುಟ್ಟಿದಾಗಿನಿಂದ ಅವಳಿಂದ ತೆಗೆದುಕೊಂಡೇ ಬದುಕಿದವಳು, ಮೊದಲ ಸಲ ಅವಳು ಕೊಡದೆ ಏನನ್ನೋ ಪಡೆದಿದ್ದೆ.

ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಇಟ್ಟೇನು?"

"ಇಟ್ಟೆ. ನೀ ಹಟ ಹಿಡದು ಕುಂದ್ರು, ಮಂದಿ ಹೊಟ್ಟಿ ಕೇಳಂಗಿಲ್ಲ."

"ಒಂದ್ ಮಾತ ಕೇಳಿದ್ರ ನಾನಾ ಕೊಡ್ತಿದ್ದೆ."

"ಅದಾ ಬ್ಯಾಡಾಗೈತಿ ನನಗ! ನೀ ಕೊಡೂದು, ನಾ ಇಸಗೊಳ್ಳೂದು!"

ಅವಳ ಮುಖ ಕೆಂಪೇರಿತು. ಇಷ್ಟು ವರ್ಷ ಆಡದಿದ್ದ ಮಾತು ಅಂದು ಬಂತು. "ನಾ ಹಿಂದಕ್ಕ ಹಿಂದಕ್ಕ ಹೆಜ್ಜಿ ಇಟ್ಟೆ ಅಂತ ನೀ ಮುಂದಕ್ಕ ಹೋದಿಬೇ. ನೆನಪಿಟ್ಕೊ."

ಆಡಿದರೆ ಹಗುರಾಗುತ್ತೇನೆ ಎಂದುಕೊಂಡಿದ್ದೆನಲ್ಲ, ಆಗಲಿಲ್ಲ. ನಾನು ಚೀಲ ತೆಗೆದುಕೊಂಡು ಮಾಲತಿಯ ಮನೆಗೆ ಹೋದೆ. ಎರಡು ಗುಂಪು, ಎರಡು ಅಡುಗೆ. ರಸ್ತೆಯಲ್ಲಿ ಎದುರಾದರೆ ಅಕ್ಕ ಕಾಲುವೆ ನೋಡುತ್ತಿದ್ದಳು, ನಾನು ಆಕಾಶ. ಅಕ್ಕನ ಗುಂಪಿಗೆ ಕೆಲಸ ಕಡಿಮೆಯಾಗಿ, ಅವಳೂ ಕೂಲಿ ಇಳಿಸಿದಳೆಂದು ಮಲ್ಲಮ್ಮ ಒಂದು ದಿನ ಸಂತೆಯಲ್ಲಿ ಹೇಳಿದಳು. ಅದನ್ನು ಹೇಳುವಾಗ ಮಲ್ಲಮ್ಮ ತಮಾಷೆ ಮಾಡಲಿಲ್ಲ.

ಆಗಸ್ಟ್ ಮುಗಿಯುತ್ತ ಬಂದಾಗ ಕಾಲುವೆ ಎಲ್ಲೋ ಮೇಲುಗಡೆ ಒಡೆದಿದೆ, ದುರಸ್ತಿಗೆ ನೀರು ನಿಲ್ಲಿಸುತ್ತಾರೆ ಎಂದು ಸುದ್ದಿ ಹಬ್ಬಿತು. ಸತ್ಯಮ್ಮನದು ರಸ್ತೆ ಪಕ್ಕದ ದೊಡ್ಡ ಗದ್ದೆಯೊಂದೇ ಉಳಿದಿತ್ತು. ಗಾಬರಿಯಲ್ಲಿ ಅವಳು ಎರಡೂ ಗುಂಪುಗಳಿಗೆ ಹೇಳಿ ಕಳಿಸಿದ್ದಳು. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಅಕ್ಕ ಹದಿನಾಲ್ಕು ಹೆಂಗಸರೊಡನೆ ಮೂಡಣ ಬದುವಿನ ಮೇಲೆ ನಿಂತಿದ್ದಳು. ಅವಳ ಪಕ್ಕ ಹೋಗಿ ನಿಲ್ಲುವುದೆಂದರೆ ಸೋತಂತೆ. ನಾನು ನನ್ನವರನ್ನು ಕರೆದುಕೊಂಡು ಪಡುವಣ ಬದುವಿಗೆ ಹೋದೆ.

ಸತ್ಯಮ್ಮ ಹಣೆ ಬಡಿದುಕೊಂಡಳು. "ಏಮಮ್ಮಾ, ಎರಡೂ ಕಡಿಂದ ಹಿಡದ್ರ ನಡುವ ಸಿಕ್ಕೊಂಡು ಬಿಡ್ತೀರಿ! ಹೊರಗ ಹ್ಯಾಂಗ ಬರ್ತೀರಿ?"

ಇಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತಿಂದ ಅವರು, ಇತ್ತಿಂದ ನಾವು, ಬೆನ್ನು ಮಾಡಿಕೊಂಡು ನಡುವಿನ ಕಡೆಗೆ ಸರಿಯತೊಡಗಿದೆವು. ಬೆಳಗಿನಿಂದ ಮೋಡವಿತ್ತು, ಮಧ್ಯಾಹ್ನ ಜಿಬಿಜಿಬಿ ಮಳೆ ಹಿಡಿಯಿತು. ಬೆನ್ನ ಹಿಂದೆ ಎಲ್ಲೋ ದೂರದಲ್ಲಿ ಅಕ್ಕನ ಗುಂಪಿನ ಹಾಡು ಕೇಳುತ್ತಿತ್ತು. ನಮ್ಮವರು ಅದಕ್ಕಿಂತ ಜೋರಾಗಿ ಬಂಗಾಲಿಯಲ್ಲಿ ಹಾಡುತ್ತಿದ್ದರು. ಹಾಡು ಹತ್ತಿರ ಹತ್ತಿರ ಬರುತ್ತ ಹೋಯಿತು. ಕೆಸರು ತುಳಿಯುವ ಸದ್ದೂ ಕೇಳತೊಡಗಿತು. ಮಧ್ಯಾಹ್ನ ಇಳಿಯುವ ಹೊತ್ತಿಗೆ, ಬಗ್ಗಿದ ನನ್ನ ಸೊಂಟಕ್ಕೆ ಇನ್ನೊಂದು ಸೊಂಟ ಬಂದು ತಾಗಿತು.

ತಿರುಗಿ ನೋಡಬೇಕಾಗಿರಲಿಲ್ಲ. ಕೊಬ್ಬರಿ ಎಣ್ಣೆ, ಹೊಗೆಸೊಪ್ಪಿನ ವಾಸನೆ. ಚಿಕ್ಕವಳಿದ್ದಾಗ ಇದೇ ಬೆನ್ನಿಗೆ ಮುಖವಿಟ್ಟು ಮಲಗುತ್ತಿದ್ದೆ.

ಇಬ್ಬರೂ ಅಲುಗಲಿಲ್ಲ. ಮೊದಲು ಬಾಯಿ ಬಿಟ್ಟವಳು ಮಲ್ಲಮ್ಮ. "ಟಗರು ಮುಂದಿಂದ ಗುದ್ದತಾವ, ಇವೆರಡು ಹಿಂದಿಂದ ಗುದ್ದಾಕತ್ಯಾವ ನೋಡ್ರೆವ್ವ!" ಇಡೀ ಗದ್ದೆ ನಕ್ಕಿತು. ಮಾಲತಿಗೆ ಅರ್ಥ ಮಾಡಿ ಹೇಳಿದ ಮೇಲೆ ಅವಳ ಕಡೆಯವರು ಇನ್ನೊಮ್ಮೆ ನಕ್ಕರು.

ಸತ್ಯಮ್ಮ ಹೇಳಿದಂತೆಯೇ ಆಗಿತ್ತು. ಹಿಂದೆಯೂ ಹಸಿರು, ಮುಂದೆಯೂ ಹಸಿರು, ನಡುವೆ ಎರಡು ಮೊಳದ ಸಂದಿ. ಹೆಂಗಸರು ಒಬ್ಬೊಬ್ಬರಾಗಿ ಆ ಸಂದಿಯಲ್ಲೇ ಅಡ್ಡ ನಡೆದು ಕಾಲುವೆ ಕಡೆಯ ಬದುವಿಗೆ ಹತ್ತಿದರು. ಸಂದಿಯನ್ನು ಮುಚ್ಚುತ್ತ ಹೊರಬರುವ ಕೆಲಸ ಗುಂಪಿನ ಮುಖ್ಯಸ್ಥೆಯರದು. ಎದುರಿನ ರಸ್ತೆ ಕಡೆಯ ತುದಿಯಿಂದ ಅಕ್ಕ ಮತ್ತು ನಾನು, ಬೆನ್ನಿಗೆ ಬೆನ್ನು ಹಚ್ಚಿ, ಅಡ್ಡಡ್ಡ ಹೆಜ್ಜೆ ಇಡುತ್ತ ಹೊರಟೆವು. ಅವಳ ಬಲ ನನ್ನ ಎಡ. ಒಬ್ಬಳು ಮುಂದಾದರೆ ಇನ್ನೊಬ್ಬಳ ಸಸಿ ತುಳಿತಕ್ಕೆ ಸಿಕ್ಕುತ್ತಿತ್ತು. ಹಾಗಾಗಿ ಮಾತಿಲ್ಲದೆಯೇ ಹೆಜ್ಜೆ ಕೂಡಿಕೊಂಡವು. ಬೆಳಗಿನಿಂದ ಬಗ್ಗಿ ಬಗ್ಗಿ ಬಿರಿಯುತ್ತಿದ್ದ ನನ್ನ ನಡುವಿಗೆ ಅವಳ ನಡುವಿನ ಆಸರೆ ಸಿಕ್ಕಿತ್ತು. ಅವಳೂ ಸ್ವಲ್ಪ ಭಾರ ಬಿಟ್ಟಿದ್ದಳು, ಗೊತ್ತಾಗುತ್ತಿತ್ತು.

ಅರ್ಧ ದಾರಿಯಲ್ಲಿ ಅಕ್ಕ ಕೇಳಿದಳು. "ಸಾಲಿ ಯಾವಾಗ ತೆಗೀತಾರಂತ?"

"ಗೊತ್ತಿಲ್ಲ."

"ತೆಗದ್ರ ಹೋಗ್ತಿ?"

ಇಲ್ಲ ಎನ್ನಬಹುದಿತ್ತು. ನೋಡೋಣ ಎನ್ನಬಹುದಿತ್ತು. "ಹೋಗದ ಮತ್ತ ಇಲ್ಲೇ ಇರ್ತೀನೇನು?" ಎಂದೆ. ಬೆನ್ನ ಮೇಲಿನ ಭಾರ ಸ್ವಲ್ಪ ಕಡಿಮೆಯಾಯಿತು.

"ಹ್ಞೂಂ" ಎಂದಳು.

ಕಾಲುವೆ ಬದುವಿನ ಹತ್ತಿರ ಒಂದೇ ಹಿಡಿಯಷ್ಟು ಜಾಗ ಉಳಿಯಿತು. ಸತ್ಯಮ್ಮನ ಗದ್ದೆಗಳ ಕಡೆಯ ಹಿಡಿ. ಅಕ್ಕ ಬೆನ್ನು ಎತ್ತಿ ನಿಂತಳು. ನಾನು ಕೈಯಲ್ಲಿದ್ದ ಸಸಿಯನ್ನು ಅವಳ ಕಡೆಗೆ ಚಾಚಿದೆ. ಅವಳು ಸಸಿ ಮುಟ್ಟಲಿಲ್ಲ.

"ಮೊದಲ ಹಿಡಿ ಇಟ್ಟಾಕಿನ ಕಡೀ ಹಿಡಿ ಇಡಬೇಕು. ಇಡು."

ಎಲ್ಲರೂ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಇಟ್ಟೆ. ಹೆಬ್ಬೆರಳು ಆಳಕ್ಕೆ ಒತ್ತಲಿಲ್ಲ, ಸಸಿ ಕೆಸರು ಬಿಟ್ಟು ತೇಲಿದವು. ಅಕ್ಕ ಬಗ್ಗಿದಳು, ನನ್ನ ಮುಖ ನೋಡಲಿಲ್ಲ, ಹೆಬ್ಬೆರಳಿನಿಂದ ಆ ಸಸಿಗಳನ್ನು ಒಂದೊಂದಾಗಿ ಕೆಸರಿಗೆ ಒತ್ತಿದಳು. ಆಮೇಲೆ ಕಾಲುವೆಗೆ ಇಳಿದು ಕೈ ತೊಳೆದುಕೊಂಡಳು.

ಅಂದೇ ಮನೆಗೆ ಬಾ ಎಂದು ಅವಳು ಅನ್ನಲಿಲ್ಲ. ಎರಡು ದಿನ ಬಿಟ್ಟು ನಾನೇ ಹೋದೆ. ತಟ್ಟೆ ಇಟ್ಟಳು, ಉಂಡೆ. ಸುಗ್ಗಿ ಮುಗಿಯಿತು, ಸಂಕ್ರಾಂತಿ ಹೊತ್ತಿಗೆ ಶಾಲೆ ತೆರೆಯಿತು. ಸಿಂಧನೂರಿನ ಬಸ್ ಸ್ಟ್ಯಾಂಡಿಗೆ ಅಕ್ಕ ಬಿಡಲು ಬಂದಳು. ಅಕ್ಕಿಯ ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಕಿಟಕಿಯಿಂದ ನನ್ನ ಕೈ ಹಿಡಿದು ಬೆರಳು ನೋಡಿದಳು.

"ಉಗುರಾಗ ರಾಡಿ ಐತಿ. ಚಂದಾಗಿ ತಿಕ್ಕೊಂಡು ಸಾಲಿಗೆ ಹೋಗು. ಹುಡುಗ್ರು ನಗ್ತಾವ."

ನಾನು ತಿಕ್ಕಿಕೊಳ್ಳಲಿಲ್ಲ. ಉಗುರಿನ ಆ ಕರೆ ತಾನಾಗಿ ಹೋಗಲು ಎರಡು ತಿಂಗಳು ಹಿಡಿಯಿತು. ಬೋರ್ಡಿನ ಮೇಲೆ ಬರೆಯುವಾಗ ಬೆರಳು ನೋಡಿಕೊಳ್ಳುತ್ತಿದ್ದೆ. ಉಣ್ಣಲು ಕಷ್ಟವಿದ್ದ, ಸೊಂಟ ಮುರಿದ, ಮೈಯೆಲ್ಲ ಸಿಟ್ಟಿದ್ದ ಆ ವರ್ಷ ಮತ್ತೆ ಬರಲಿ ಎಂದು ಯಾರಾದರೂ ಬಯಸುತ್ತಾರೆಯೇ? ನಾನು ಬಯಸುತ್ತೇನೆ. ಹುಚ್ಚಿ ಎಂದರೆ ಎನ್ನಲಿ.

ಈ ಸಲ ಭಾನುವಾರ ಬೆಳಿಗ್ಗೆ ಅಕ್ಕ, ನಾನು ಸತ್ಯಮ್ಮನ ಅದೇ ಗದ್ದೆಗೆ ಹೋದೆವು. ಅಕ್ಕನ ನಡು ಈಗ ಸರಿಯಿಲ್ಲ, ಕೋಲು ಊರಿಕೊಂಡು ನಡೆಯುತ್ತಾಳೆ. ಗುಂಪು ಚೆದುರಿದೆ. ಗದ್ದೆಯಲ್ಲಿ ನಾಟಿ ಮೆಶಿನ್ನು ಕೆಲಸ ಮುಗಿಸಿ ಬದುವಿನ ಮೇಲೆ ನಿಂತಿತ್ತು. ಅದರ ಹಣೆಗೆ ಕುಂಕುಮ, ಮುಂದೆ ಒಡೆದ ಕಾಯಿ. ಮೊದಲ ಹಿಡಿ ಅದೇ ಇಟ್ಟಿತ್ತು. ಆದರೆ ಮೆಶಿನ್ನಿಗೆ ಮೂಲೆಯಲ್ಲಿ ತಿರುಗಲು ಆಗುವುದಿಲ್ಲ. ಗದ್ದೆಯ ನಾಲ್ಕು ಮೂಲೆ ಖಾಲಿ ಉಳಿಯುತ್ತವೆ, ಅವನ್ನು ಕೈಯಿಂದಲೇ ಹಚ್ಚಬೇಕು. ಹಳೆಯ ಅಭಿಮಾನಕ್ಕೆ ಸತ್ಯಮ್ಮ ಆ ಮೂಲೆಗಳಿಗೆ ಅಕ್ಕನನ್ನು ಕರೆದಿದ್ದಳು.

"ನಾಕೂ ನನ್ನ ಕೈಲೆ ಆಗಂಗಿಲ್ಲಂತ ನಿನ್ನ ಕರದೆ" ಎಂದಳು ಅಕ್ಕ. "ರಸ್ತಾದ ಕಡಿ ಎರಡು ನೀ ಹಚ್ಚು. ಕಾಲವಿ ಕಡಿ ಎರಡು ನಾ ನೋಡ್ಕೊಂತೀನಿ."

ಐದು ವರ್ಷದ ಮೇಲೆ ಕೆಸರಿಗೆ ಇಳಿದೆ. ಕೈ ಮರೆತಿರಲಿಲ್ಲ. ಮೊದಲ ಮೂಲೆ ಮುಗಿಸಿ ಎರಡನೆಯದಕ್ಕೆ ಹೋದೆ. ಹಚ್ಚುತ್ತ ಹಿಂದೆ ಸರಿದೆ. ಹಿಮ್ಮಡಿಗೆ ಬದು ತಾಗಿತು, ಅಷ್ಟೇ. ತಲೆ ಎತ್ತಿ ನೋಡಿದರೆ ಅಕ್ಕ ಗದ್ದೆಯ ಆಚೆ ತುದಿಯಲ್ಲಿ ಒಂದು ಚುಕ್ಕೆ. ನಡುವೆ ಮೆಶಿನ್ನಿನ ನೆಟ್ಟನೆಯ ಸಾಲುಗಳು. ಇನ್ನು ಎಷ್ಟು ಹಿಂದೆ ಸರಿದರೂ ಅವಳ ಬೆನ್ನು ಸಿಗುವ ಹಾಗಿರಲಿಲ್ಲ. ಅಳು ಬಂತು. ಒಂದು ಹಿಡಿ ಸಸಿ ಕೈಯಲ್ಲೇ ಉಳಿಸಿಕೊಂಡು ಬದುವಿನ ಗುಂಟ ಸುತ್ತು ಹಾಕಿ ಅವಳಿದ್ದಲ್ಲಿಗೆ ನಡೆದೆ.

ಅಕ್ಕ ತನ್ನ ಕಡೆಯ ಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟು, ಕೋಲಿಗೆ ಗದ್ದ ಊರಿ ನಿಂತಿದ್ದಳು. ನಾನು ಸಸಿ ಚಾಚಿದೆ.

"ಅವತ್ತಿಂದು ನಿಂದಿತ್ತಕ್ಕ. ನಾ ಕದ್ದೆ. ತಗೋ."

ಅವಳು ಸಸಿ ನೋಡಿದಳು, ನನ್ನ ನೋಡಿದಳು. ನಿಯಮ ಹೇಳುತ್ತಾಳೆ ಎಂದುಕೊಂಡೆ. ಹೇಳಲಿಲ್ಲ. ಕೋಲನ್ನು ಬದುವಿನ ಮೇಲೆ ಇಟ್ಟು, ಸಸಿ ಇಸಿದುಕೊಂಡು, ಕೆಸರಿಗೆ ಒಂದು ಹೆಜ್ಜೆ ಇಳಿದಳು. ಬಗ್ಗಲು ಹೋಗಿ ಅರ್ಧಕ್ಕೆ ನಿಂತಳು.

"ನಡಾ ಹಿಡೀವಲ್ದಬೇ. ಹಿಂದ ಬಂದು ನಿಲ್ಲು."

ನಾನು ಅವಳ ಹಿಂದೆ ಇಳಿದು, ಬೆನ್ನು ಮಾಡಿ, ಬಗ್ಗಿ ನಿಂತೆ. ಅಕ್ಕನ ಭಾರ ಮೆಲ್ಲಗೆ ನನ್ನ ಮೇಲೆ ಬಂತು. ಕೊಬ್ಬರಿ ಎಣ್ಣೆ, ಹೊಗೆಸೊಪ್ಪು.

"ತಿರುಗಬ್ಯಾಡ" ಎಂದಳು. "ಹಂಗ ನಿಲ್ಲು."

ಒಂದು ಹಿಡಿ ಸಸಿ ಹಚ್ಚಲು ಎಷ್ಟು ಹೊತ್ತು ಬೇಕು? ಅಕ್ಕ ಅಂದು ಬಹಳ ಹೊತ್ತು ತೆಗೆದುಕೊಂಡಳು.